ಪರದೆಯ ಹಿಂದಿನಿಂದ ಪರದೆಯ ಮೇಲಕ್ಕೆ

ಕನ್ನಡಿಗರು ದಿನವೂ ಬಳಸುವ 'ಪರದೆ' ಎಂಬ ಮಾತು ಮೂಲತಃ ಕನ್ನಡದ್ದಲ್ಲ. ಜಮೀನು, ದರ್ಬಾರು, ಗುಲಾಬಿಗಳಂತೆ ಅದೂ ಇರಾನಿನ ಫಾರ್ಸಿ ಭಾಷೆಯಿಂದ ಬಂದು ಇಲ್ಲಿ ನೆಲೆಸಿದ್ದು. ಫಾರ್ಸಿಯಲ್ಲಿ 'ಪರ್ದೆ' ಎಂದರೆ ಬಾಗಿಲಿಗೆ ಇಳಿಬಿಟ್ಟ ಬಟ್ಟೆ; ಹೆಂಗಸರನ್ನು ಹೊರಗಣ್ಣಿನಿಂದ ಮರೆಮಾಡುವ ತೆರೆ; ಊರೂರು ಅಲೆದು ಕತೆ ಹೇಳುವವನು ಗೋಡೆಗೆ ತೂಗುಹಾಕುವ ದೊಡ್ಡ ಚಿತ್ರಪಟ; ಕೊನೆಗೆ, ಸಿನಿಮಾ ತೋರಿಸುವ ಬಿಳಿ ತೆರೆಯೂ ಹೌದು. ನಾವೂ ಕಿಟಕಿಗೆ ಪರದೆ ಕಟ್ಟುತ್ತೇವೆ, ಬೆಳ್ಳಿಪರದೆಯ ತಾರೆಯರ ಬಗ್ಗೆ ಮಾತಾಡುತ್ತೇವೆ. ಮುಚ್ಚುವುದಕ್ಕೂ ತೋರಿಸುವುದಕ್ಕೂ ಒಂದೇ ಪದ!

ಕಳೆದೊಂದು ಶತಮಾನದ ಇರಾನಿ ಮಹಿಳೆಯ ಕತೆಯನ್ನು ಈ ಒಂದು ಪದದ ಸುತ್ತಲೇ ಹೇಳಬಹುದು. ಹಾಗೆ ಹೇಳುವ ಪ್ರಯತ್ನವನ್ನು ಕೆಲವು ದೇಶಗಳ ವಸ್ತುಸಂಗ್ರಹಾಲಯಗಳು ಮಾಡುತ್ತ ಬಂದಿವೆ. ನಮ್ಮಲ್ಲಿ ಮ್ಯೂಸಿಯಂ ಎಂದರೆ ಮುಕ್ಕಾದ ವಿಗ್ರಹ, ತುಕ್ಕು ಹಿಡಿದ ಕತ್ತಿ, 'ಮುಟ್ಟಬೇಡಿ' ಎಂಬ ಫಲಕ. ಆದರೆ ವಾಷಿಂಗ್ಟನ್ನಿನ ಫ್ರೀಯರ್ ಕಲಾ ಸಂಗ್ರಹಾಲಯ, ಬಾಸ್ಟನ್ ಮತ್ತು ಹ್ಯೂಸ್ಟನ್ನಿನ ಲಲಿತಕಲಾ ಸಂಗ್ರಹಾಲಯಗಳು ತಮ್ಮ ಪುಟ್ಟ ಚಿತ್ರಮಂದಿರಗಳಲ್ಲಿ ಹಲವು ವರ್ಷ ಇರಾನಿ ಚಿತ್ರೋತ್ಸವ ನಡೆಸಿವೆ. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು 2023ರ ಅಕ್ಟೋಬರ್ ಮತ್ತು ನವೆಂಬರ್ ತಿಂಗಳಲ್ಲಿ, 1925ರಿಂದ 1979ರವರೆಗಿನ ಇರಾನಿ ಸಿನಿಮಾವನ್ನು ಸಾಲಾಗಿ ತೋರಿಸಿತು. ಇಂಥ ಕಾರ್ಯಕ್ರಮಗಳ ಕ್ರಮ ಸರಳ. ಮೊದಲು ಚಿತ್ರ, ಆಮೇಲೆ ನಿರ್ದೇಶಕರೋ ವಿದ್ವಾಂಸರೋ ಬಂದು ಮಾತಾಡುತ್ತಾರೆ, ಸಭಿಕರು ಪ್ರಶ್ನೆ ಕೇಳುತ್ತಾರೆ. ಪಕ್ಕದ ಕೋಣೆಯಲ್ಲಿ ಚಿತ್ರಕಲೆಯೋ ಛಾಯಾಚಿತ್ರವೋ ಇರುತ್ತದೆ.

ಸಿನಿಮಾಕ್ಕೂ ಸಂಗ್ರಹಾಲಯಕ್ಕೂ ಏನು ಸಂಬಂಧ ಎಂದು ಕೇಳಬಹುದು. ಒಂದು ಉದಾಹರಣೆ ಸಾಕು. 1976ರಲ್ಲಿ ಮಹಮ್ಮದ್ ರೆಜಾ ಅಸ್ಲಾನಿ 'ಗಾಳಿಯ ಚದುರಂಗ' ಎಂಬ ಅರ್ಥ ಬರುವ ಹೆಸರಿನ ಚಿತ್ರ ತೆಗೆದರು. ಹಳೆಯ ಸಿರಿವಂತ ಮನೆತನವೊಂದರ ಕಾಲು ಬಾರದ ಹೆಣ್ಣುಮಗಳು, ಆಕೆಯ ದಾಸಿ, ಆಸ್ತಿಗಾಗಿ ನಡೆಯುವ ಒಳಸಂಚು – ಇದು ಕತೆ. ಅದಕ್ಕೆ ಸಂಗೀತ ನೀಡಿದ್ದೂ ಒಬ್ಬ ಮಹಿಳೆ, ಶೈದಾ ಗರಾಚೆದಾಗಿ. ಕ್ರಾಂತಿಯ ನಂತರ ಚಿತ್ರ ನಿಷೇಧಕ್ಕೊಳಗಾಗಿ ಪ್ರತಿಗಳೇ ಕಾಣೆಯಾದವು. 2014ರಲ್ಲಿ ನಿರ್ದೇಶಕರ ಮಕ್ಕಳಿಗೆ ಟೆಹರಾನಿನ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ ಅದರ ರೀಲುಗಳು ಸಿಕ್ಕವು. ದುರಸ್ತಿಯಾಗಿ ಅದು ಮತ್ತೆ ಜನರೆದುರು ಬಂದಿದ್ದು 2020ರಲ್ಲಿ. ಒಡೆದ ವಿಗ್ರಹವನ್ನು ಕಾಪಾಡುವವರು ಹರಿದ ರೀಲನ್ನೂ ಕಾಪಾಡಬೇಕಾಗುತ್ತದೆ.

ಅರಸನ ಕ್ಯಾಮೆರಾ

ಇರಾನಿನ ಹೆಣ್ಣನ್ನು ಮೊದಲು ಕ್ಯಾಮೆರಾದಲ್ಲಿ ಹಿಡಿದವರಲ್ಲಿ ಸ್ವತಃ ದೊರೆಯೇ ಪ್ರಮುಖ. 1848ರಿಂದ 1896ರವರೆಗೆ ಆಳಿದ ಕಜಾರ್ ವಂಶದ ನಾಸಿರುದ್ದೀನ್ ಶಾಗೆ ಛಾಯಾಚಿತ್ರದ ಹುಚ್ಚು. ಆತ ತನ್ನ ಅಂತಃಪುರದ ರಾಣಿಯರನ್ನು ತಾನೇ ಕೂರಿಸಿ, ನಿಲ್ಲಿಸಿ ಚಿತ್ರ ತೆಗೆದ. ಅವುಗಳ ಕೆಳಗೆ ತನ್ನ ಕೈಯಿಂದಲೇ ಟಿಪ್ಪಣಿ ಬರೆದ. ಟೆಹರಾನಿನ ಗುಲಿಸ್ತಾನ್ ಅರಮನೆಯ ಸಂಗ್ರಹದಲ್ಲಿ ಆ ಆಲ್ಬಮ್ಮುಗಳಿವೆ. ದಟ್ಟವಾದ ಕೂಡುಹುಬ್ಬು, ತುಟಿಯ ಮೇಲೆ ನವಿರಾದ ರೋಮ, ಮೊಳಕಾಲ ಮಟ್ಟದ ನೆರಿಗೆಯ ಲಂಗ. ಇದು ಆ ಕಾಲದ ಸೌಂದರ್ಯದ ಕಲ್ಪನೆ.

ಈ ಚಿತ್ರಗಳಲ್ಲಿ ಕೆಲವು ಈಗ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿರುತ್ತವೆ. 'ಈ ರಾಜಕುಮಾರಿ ಒಲಿಯಲಿಲ್ಲವೆಂದು 13 ಮಂದಿ ಯುವಕರು ಪ್ರಾಣ ಕಳೆದುಕೊಂಡರು' ಎಂಬ ಒಕ್ಕಣೆಯೂ ಜತೆಗಿರುತ್ತದೆ. ಅದು ಬರೀ ಕಟ್ಟುಕತೆ. ಆದರೆ ಆ ಒಕ್ಕಣೆಯೊಂದಿಗೆ ಹೆಸರು ತಳಕು ಹಾಕಿಕೊಂಡ ದೊರೆಯ ಮಗಳು ತಾಜುಸ್ಸುಲ್ತಾನಾಳ ನಿಜವಾದ ಕತೆ ಅದಕ್ಕಿಂತ ದೊಡ್ಡದು. 1884ರಲ್ಲಿ ಹುಟ್ಟಿದ ಆಕೆಯನ್ನು ಎಳವೆಯಲ್ಲೇ ಮದುವೆ ಮಾಡಲಾಯಿತು. ಬೆಳೆದು, ಗಂಡನಿಂದ ಬೇರೆಯಾಗಿ, ಮಹಿಳೆಯರ ಹಕ್ಕಿಗಾಗಿ ಸೇರುತ್ತಿದ್ದ ಸಂಘದಲ್ಲಿ ಪಾಲ್ಗೊಂಡಳು. 1914ರ ಸುಮಾರಿಗೆ ಬರೆದ ಆತ್ಮಕತೆಯಲ್ಲಿ ಅಂತಃಪುರದ ಬದುಕನ್ನೂ ಮುಸುಕನ್ನೂ ಹೆಣ್ಣುಮಕ್ಕಳಿಗೆ ವಿದ್ಯೆಯಿಲ್ಲದಿರುವುದನ್ನೂ ನೇರವಾಗಿ ಟೀಕಿಸಿದಳು. ಜಗತ್ತು ಆಕೆಯ ಮುಖ ನೋಡಿ ನಗುತ್ತಿದೆ, ಆಕೆ ಬರೆದದ್ದನ್ನು ಓದಿದವರು ಕಡಿಮೆ.

ಚಲಿಸುವ ಚಿತ್ರದ ಆರಂಭವೂ ಹೀಗೆಯೇ ಕುತೂಹಲಕರ. 1900ರಲ್ಲಿ ಯೂರೋಪಿಗೆ ಹೋದ ಮುಜಫ್ಫರುದ್ದೀನ್ ಶಾ ಅಲ್ಲಿ ಸಿನಿಮಾ ಯಂತ್ರ ಕಂಡು ಬೆರಗಾದ. ಆತನ ಆಸ್ಥಾನ ಛಾಯಾಗ್ರಾಹಕ ಮಿರ್ಜಾ ಇಬ್ರಾಹಿಂ ಖಾನ್ ಆ ವರ್ಷದ ಆಗಸ್ಟಿನಲ್ಲಿ ಬೆಲ್ಜಿಯಮ್ಮಿನ ಒಸ್ಟೆಂಡ್ ಎಂಬ ಕಡಲತೀರದ ಊರಿನಲ್ಲಿ ಹೂವಿನ ಉತ್ಸವವನ್ನು ಚಿತ್ರೀಕರಿಸಿದ. ಅಲಂಕೃತ ಸಾರೋಟುಗಳಲ್ಲಿ ಬಂದ ಹೆಂಗಸರು ದೊರೆಯತ್ತ ಹೂ ಎಸೆಯುವುದು, ದೊರೆ ನಕ್ಕು ತಿರುಗಿ ಎಸೆಯುವುದು – ಇರಾನಿಯೊಬ್ಬ ತೆಗೆದ ಮೊದಲ ಚಲನಚಿತ್ರದ ನೋಟ ಅದು. ಅದರಲ್ಲಿದ್ದ ಹೆಂಗಸರೆಲ್ಲ ಯೂರೋಪಿನವರು. ಇರಾನಿನ ಹೆಣ್ಣು ತನ್ನ ಭಾಷೆಯ ಚಿತ್ರದಲ್ಲಿ ಮುಖ ತೋರಿ ಮಾತಾಡಲು ಇನ್ನೂ 33 ವರ್ಷ ಕಾಯಬೇಕಿತ್ತು. ಅದಕ್ಕಾಗಿ ಆಕೆ ಮುಂಬೈಗೆ ಬರಬೇಕಾಯಿತು.

ಮುಂಬೈಯಲ್ಲಿ ಮಾತು ಕಲಿತ ಫಾರ್ಸಿ ಸಿನಿಮಾ

ಭಾರತದ ಮೊದಲ ವಾಕ್ಚಿತ್ರ 'ಆಲಂ ಆರಾ' 1931ರಲ್ಲಿ ತೆರೆಕಂಡದ್ದು ಎಲ್ಲರಿಗೂ ಗೊತ್ತು. ಅದನ್ನು ನಿರ್ದೇಶಿಸಿದ ಅರ್ದೇಶಿರ್ ಇರಾನಿ, ತಮ್ಮ ಇಂಪೀರಿಯಲ್ ಫಿಲ್ಮ್ ಕಂಪನಿಯಲ್ಲಿ ಮೊದಲ ಫಾರ್ಸಿ ವಾಕ್ಚಿತ್ರವನ್ನೂ ತಯಾರಿಸಿದರೆಂಬುದು ಅಷ್ಟಾಗಿ ತಿಳಿದ ಸಂಗತಿಯಲ್ಲ. ಅದೇ 1933ರ 'ದುಖ್ತರೆ ಲೋರ್', ಅಂದರೆ ಲೋರ್ ಜನಾಂಗದ ಹುಡುಗಿ. ಕತೆ ಬರೆದು ನಾಯಕನಾದವರು ಅಬ್ದುಲ್ ಹುಸೇನ್ ಸಪಂತಾ. ಕಳ್ಳರ ಕೈಗೆ ಸಿಕ್ಕಿದ್ದ ಹುಡುಗಿಯೊಬ್ಬಳನ್ನು ಸರ್ಕಾರಿ ನೌಕರನೊಬ್ಬ ಪ್ರೀತಿಸಿ ಬಿಡಿಸಿ ತರುವ ಕತೆ. ಚಿತ್ರ ಟೆಹರಾನಿನಲ್ಲಿ ತಿಂಗಳುಗಟ್ಟಲೆ ಓಡಿತು. ಮರುವರ್ಷ, 1934ರ ಮಾರ್ಚ್ 3ರಂದು ತೆರೆಕಂಡ ನಮ್ಮ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ತಯಾರಾದದ್ದು ಕೊಲ್ಲಾಪುರದಲ್ಲಿ ಎಂಬುದನ್ನು ನೆನೆದರೆ, ಎರಡು ಭಾಷೆಗಳ ಸಿನಿಮಾಗಳೂ ತವರಿನ ಹೊರಗೆ ಮಾತು ಕಲಿತವೆಂದು ಹೇಳಬಹುದು.

ನಾಯಕಿಯ ಹುಡುಕಾಟ ಸುಲಭವಾಗಿರಲಿಲ್ಲ. ಇರಾನಿನ ಸಾಂಪ್ರದಾಯಿಕ 'ತಾಜಿಯೆ' ನಾಟಕಗಳಲ್ಲಿ, ನಮ್ಮ ಯಕ್ಷಗಾನದಲ್ಲಿದ್ದಂತೆಯೇ, ಸ್ತ್ರೀಪಾತ್ರ ಗಂಡಸರ ಪಾಲು. ಟೆಹರಾನಿನಲ್ಲಿ ತಯಾರಾದ ಮೊದಮೊದಲ ಮೂಕಿಚಿತ್ರಗಳಲ್ಲಿ ಕಾಣಿಸಿಕೊಂಡ ಹೆಣ್ಣುಮಕ್ಕಳು ಅರ್ಮೇನಿಯನ್ ಕ್ರೈಸ್ತ ಸಮುದಾಯದವರು. ಕೊನೆಗೆ ಸಪಂತಾ ಕಣ್ಣಿಗೆ ಬಿದ್ದವಳು ಮುಂಬೈ ಸ್ಟುಡಿಯೋದ ನೌಕರನೊಬ್ಬನ ಹೆಂಡತಿ, ಹದಿಹರೆಯದ ಸಿದ್ದೀಕೆ ಸಾಮಿನೆಜಾದ್. ರೂಹಂಗೀಜ್ ಎಂಬ ಹೆಸರಿನಲ್ಲಿ ಆಕೆ ಗುಲ್‌ನಾರಳ ಪಾತ್ರ ಮಾಡಿದಳು. ಕೆರ್ಮಾನ್ ಸೀಮೆಯ ಅವಳ ಮಾತಿನ ಧಾಟಿಯೂ ಹಾಗೇ ಉಳಿಯಿತು.

ಜನ ಚಿತ್ರಕ್ಕೆ ಮುಗಿಬಿದ್ದರು, ನಾಯಕಿಯನ್ನು ಮಾತ್ರ ಕ್ಷಮಿಸಲಿಲ್ಲ. ಬೈಗುಳ, ಬೆದರಿಕೆ, ಬಂಧುಬಳಗದ ತಿರಸ್ಕಾರ – ಎಲ್ಲವೂ ಆಕೆಯನ್ನು ಹಿಂಬಾಲಿಸಿದವು. ಇನ್ನೊಂದು ಚಿತ್ರದಲ್ಲಿ ಸಣ್ಣ ಪಾತ್ರ ಮಾಡಿ ಆಕೆ ನಟನೆಯನ್ನೇ ಬಿಟ್ಟಳು. ಸ್ವದೇಶಕ್ಕೆ ಮರಳಿ, ಹೆಸರು ಮರೆಸಿಕೊಂಡು ಒಂಟಿಯಾಗಿ ಬದುಕಿದಳು. ದಶಕಗಳ ನಂತರ ಸಾಕ್ಷ್ಯಚಿತ್ರವೊಂದರ ಮುಂದೆ ಕುಳಿತು ತಾನು ಪಟ್ಟ ಪಾಡನ್ನು ಹೇಳಿಕೊಂಡಳು. 1997ರಲ್ಲಿ ತೀರಿಕೊಂಡಾಗ ಹೆಚ್ಚಿನವರಿಗೆ ಆಕೆ ಯಾರೆಂದೇ ತಿಳಿದಿರಲಿಲ್ಲ. ಪರದೆಯ ಮೇಲೆ ಬಂದ ಇರಾನಿ ಹೆಣ್ಣು ತೆತ್ತ ಮೊದಲ ಬೆಲೆ ಇದು.

ದೊರೆ ಕಿತ್ತ ಮುಸುಕು

ಆ ಚಿತ್ರ ಬಂದು ಮೂರು ವರ್ಷವೂ ಆಗಿರಲಿಲ್ಲ. 1936ರ ಜನವರಿ 8ರಂದು ಆಗಿನ ದೊರೆ ರೆಜಾ ಶಾ, ತನ್ನ ಪತ್ನಿ ಮತ್ತು ಹೆಣ್ಣುಮಕ್ಕಳನ್ನು ಮುಸುಕಿಲ್ಲದೆ ಕರೆದುಕೊಂಡು ಟೆಹರಾನಿನ ಸಾರ್ವಜನಿಕ ಸಮಾರಂಭವೊಂದಕ್ಕೆ ಬಂದ. ಅಂದಿನಿಂದ ಚಾದರ ಹೊದೆಯುವುದು ನಿಷಿದ್ಧವಾಯಿತು. ದೇಶ ಆಧುನಿಕವಾಗಬೇಕೆಂಬುದು ದೊರೆಯ ಆಸೆ. ಆದರೆ ಆಸೆ ಜಾರಿಗೆ ಬಂದದ್ದು ಪೊಲೀಸರ ಕೈಯಿಂದ. ಬೀದಿಯಲ್ಲಿ ಹೆಂಗಸರ ಮೈಮೇಲಿನ ಚಾದರವನ್ನು ಪೊಲೀಸರು ಎಳೆದು ಹರಿದರು. ಹುಟ್ಟಿದಾಗಿನಿಂದ ಮುಸುಕಿನಲ್ಲೇ ಓಡಾಡಿದ್ದ ಎಷ್ಟೋ ಹೆಂಗಸರು ಮನೆಯಿಂದ ಹೊರಬೀಳುವುದನ್ನೇ ಬಿಟ್ಟರು. 1941ರಲ್ಲಿ ರೆಜಾ ಶಾ ಪಟ್ಟ ಬಿಟ್ಟಿಳಿದ ಮೇಲೆ ಈ ಬಿಗಿ ಸಡಿಲವಾಯಿತು.

ಮುಸುಕು ತೆಗೆಸಿದ ಮಾತ್ರಕ್ಕೆ ಸಿನಿಮಾ ಹೆಣ್ಣನ್ನು ಮನುಷ್ಯಳಂತೆ ಕಂಡಿತೆಂದೇನೂ ಇಲ್ಲ. 1950 ಮತ್ತು 60ರ ದಶಕಗಳ ಜನಪ್ರಿಯ ಚಿತ್ರಗಳಲ್ಲಿ ಆಕೆ ಒಂದೋ ಕ್ಯಾಬರೆ ನರ್ತಕಿ, ಇಲ್ಲವೇ ಮಾನ ಕಳೆದುಕೊಂಡು ಅಣ್ಣನ ಸೇಡಿಗೆ ನೆಪವಾಗುವ ತಂಗಿ. 1956ರಲ್ಲಿ ನಟಿ ಶಹ್ಲಾ ರಿಯಾಹಿ 'ಮರ್ಜಾನ್' ಎಂಬ ಚಿತ್ರ ನಿರ್ದೇಶಿಸಿ ಇರಾನಿನ ಮೊದಲ ಮಹಿಳಾ ನಿರ್ದೇಶಕಿ ಎನಿಸಿಕೊಂಡರು. ಮಹಿಳೆಯರಿಗೆ ಮತದಾನದ ಹಕ್ಕು ಬಂದದ್ದು 1963ರಲ್ಲಿ. ಅದಕ್ಕೆ ಸ್ವಲ್ಪ ಮೊದಲು, ಸುಮಾರು ಇಪ್ಪತ್ತೇ ನಿಮಿಷಗಳ ಕಿರುಚಿತ್ರವೊಂದು ತಯಾರಾಯಿತು. ಇರಾನಿ ಸಿನಿಮಾದ ಯಾವ ಸರಣಿಯೇ ಇರಲಿ, ಅದಿಲ್ಲದೆ ಪೂರ್ಣವಾಗುವುದಿಲ್ಲ.

ಕನ್ನಡಿ ನೋಡುವ ಹೆಂಗಸು

ಅದನ್ನು ತೆಗೆದವರು ಕವಯಿತ್ರಿ ಫೊರೂಗ್ ಫರ್ರೊಖ್‌ಜಾದ್. ಹದಿನಾರರ ಹರೆಯದಲ್ಲಿ ಮದುವೆ, ಒಬ್ಬ ಮಗ, ಕೆಲವೇ ವರ್ಷಗಳಲ್ಲಿ ವಿಚ್ಛೇದನ. ಕಾನೂನಿನ ಪ್ರಕಾರ ಮಗು ತಂದೆಯ ಪಾಲಾಯಿತು. 1955ರಲ್ಲಿ ಬಂದ ಮೊದಲ ಕವನ ಸಂಕಲನದ ಹೆಸರು 'ಸೆರೆಯಾಳು'. ಹೆಣ್ಣೊಬ್ಬಳು ತನ್ನ ಬಯಕೆಯನ್ನು ತಾನೇ ಬರೆದಳೆಂದು ಗುಲ್ಲೆದ್ದಿತು. 1958ರಲ್ಲಿ ಅವರು ಇಬ್ರಾಹಿಂ ಗುಲಿಸ್ತಾನ್ ಅವರ ಚಿತ್ರ ಸಂಸ್ಥೆಯಲ್ಲಿ ಕಚೇರಿ ಕೆಲಸಕ್ಕೆ ಸೇರಿದರು. ಅಲ್ಲೇ ಸಂಕಲನ ಕಲಿತು, ಎಣ್ಣೆಬಾವಿಯ ಬೆಂಕಿಯನ್ನು ಕುರಿತ 'ಒಂದು ಬೆಂಕಿ' ಎಂಬ ಸಾಕ್ಷ್ಯಚಿತ್ರವನ್ನು ಸಂಕಲಿಸಿದರು.

1962ರ ಶರತ್ಕಾಲದಲ್ಲಿ ಫೊರೂಗ್ ತಬ್ರೀಜ್ ಬಳಿಯ ಬಾಬಾಬಾಗಿ ಎಂಬಲ್ಲಿನ ಕುಷ್ಠರೋಗಿಗಳ ವಸಾಹತಿಗೆ ಹೋದರು. 12 ದಿನ ಅಲ್ಲಿದ್ದು ತೆಗೆದ ಚಿತ್ರವೇ 'ಮನೆ ಕಪ್ಪಾಗಿದೆ'. ಆರಂಭದಲ್ಲೇ ತಲೆಗೆ ಹೊದ್ದ ಹೆಂಗಸೊಬ್ಬಳು ಕನ್ನಡಿ ನೋಡಿಕೊಳ್ಳುತ್ತಿದ್ದಾಳೆ. ರೋಗ ಆಕೆಯ ಮುಖವನ್ನು ತಿಂದಿದೆ. ಕ್ಯಾಮೆರಾ ಹಿಂಜರಿಯುವುದಿಲ್ಲ, ನಿಧಾನವಾಗಿ ಕನ್ನಡಿಯ ಕಡೆಗೆ ಸರಿಯುತ್ತದೆ. ಮುಂದೆ ಹುಡುಗಿಯ ತಲೆ ಬಾಚುವುದು, ಕಣ್ಣಿಗೆ ಕಾಡಿಗೆ ಹಚ್ಚುವುದು, ಮದುವೆಯ ಸಂಭ್ರಮ, ಮಕ್ಕಳ ಚೆಂಡಾಟ ಎಲ್ಲ ಬರುತ್ತವೆ. ಹಿನ್ನೆಲೆಯಲ್ಲಿ ಫೊರೂಗ್ ಅವರದೇ ದನಿ. ಶಾಲೆಯಲ್ಲಿ ಮೇಷ್ಟ್ರು 'ಮನೆ' ಎಂಬ ಪದ ಬಳಸಿ ಒಂದು ವಾಕ್ಯ ಬರೆ ಎಂದಾಗ ಹುಡುಗನೊಬ್ಬ ಯೋಚಿಸಿ ಯೋಚಿಸಿ ಹಲಗೆಯ ಮೇಲೆ ಬರೆಯುವ ವಾಕ್ಯವೇ ಚಿತ್ರದ ಶೀರ್ಷಿಕೆ.

ಶತಮಾನದ ಹಿಂದೆ ದೊರೆ ತನ್ನ ರಾಣಿಯರನ್ನು ಕ್ಯಾಮೆರಾದಿಂದ ನೋಡಿದ್ದಕ್ಕೂ ಈ ನೋಟಕ್ಕೂ ಇರುವ ವ್ಯತ್ಯಾಸ ಗಮನಿಸಬೇಕು. ಯಾರೂ ನೋಡಲು ಬಯಸದ ಮುಖವನ್ನು ಇಲ್ಲಿ ಒಬ್ಬ ಹೆಣ್ಣು ಸಾವಧಾನವಾಗಿ ನೋಡುತ್ತಾಳೆ, ಅದರಲ್ಲಿ ಚೆಲುವನ್ನೂ ಕಾಣುತ್ತಾಳೆ. 1963ರಲ್ಲಿ ಜರ್ಮನಿಯ ಓಬರ್‌ಹೌಸೆನ್ ಚಿತ್ರೋತ್ಸವದಲ್ಲಿ ಇದಕ್ಕೆ ಪ್ರಶಸ್ತಿ ಬಂತು. ಸ್ವಂತ ಮಗನನ್ನು ಕಳೆದುಕೊಂಡಿದ್ದ ಫೊರೂಗ್, ಆ ವಸಾಹತಿನಿಂದ ಹುಸೇನ್ ಎಂಬ ಹುಡುಗನನ್ನು ದತ್ತು ತಂದರು. 1967ರ ಫೆಬ್ರುವರಿಯಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ 32 ವರ್ಷ. ನಿರ್ದೇಶಿಸಿದ್ದು ಈ ಒಂದು ಚಿತ್ರ.

ನೆಲಮಾಳಿಗೆಗೆ ಇಳಿದ ಚಿತ್ರಗಳು

1977ರ ಅಕ್ಟೋಬರಿನಲ್ಲಿ ಟೆಹರಾನಿನ ಸಮಕಾಲೀನ ಕಲಾ ಸಂಗ್ರಹಾಲಯ ಬಾಗಿಲು ತೆರೆಯಿತು. ರಾಣಿ ಫರಾ ಪಹ್ಲವಿಯ ಆಸಕ್ತಿಯಿಂದ, ತೈಲದ ಹಣದಿಂದ ಪಿಕಾಸೋ, ಪೊಲಾಕ್, ವಾರ್ಹೋಲ್ ಮುಂತಾದವರ ಕೃತಿಗಳು ಅಲ್ಲಿಗೆ ಬಂದವು. ಆದರೆ ಎರಡೇ ವರ್ಷದಲ್ಲಿ ದೇಶ ಬೇರೆಯಾಯಿತು. 1978ರ ಆಗಸ್ಟಿನಲ್ಲಿ ಆಬಾದಾನ್ ನಗರದ ರೆಕ್ಸ್ ಚಿತ್ರಮಂದಿರಕ್ಕೆ ಬೆಂಕಿ ಹಚ್ಚಿದಾಗ ಒಳಗಿದ್ದ ನೂರಾರು ಪ್ರೇಕ್ಷಕರು ಸತ್ತರು. 1979ರ ಫೆಬ್ರುವರಿಯಲ್ಲಿ ಅರಸೊತ್ತಿಗೆ ಉರುಳಿತು. ಸಂಗ್ರಹಾಲಯದ ಪಾಶ್ಚಾತ್ಯ ಚಿತ್ರಗಳು ಎಷ್ಟೋ ವರ್ಷ ನೆಲಮಾಳಿಗೆಯಲ್ಲಿ ಕಳೆದವು. ಅಮೆರಿಕದ ವಿಲೆಮ್ ಡಿ ಕೂನಿಂಗ್ ಬರೆದ 'ಮೂರನೆಯ ಹೆಂಗಸು' ಎಂಬ ನಗ್ನಚಿತ್ರವನ್ನು 1994ರಲ್ಲಿ ವಿದೇಶಕ್ಕೆ ಕೊಟ್ಟು, ಬದಲಿಗೆ ಹದಿನಾರನೆಯ ಶತಮಾನದ ಶಾನಾಮೆ ಹಸ್ತಪ್ರತಿಯ ಚಿತ್ರಪುಟಗಳನ್ನು ತರಿಸಿಕೊಳ್ಳಲಾಯಿತು. ತಮ್ಮ ಪುರಾತನ ಕಾವ್ಯ ಮನೆಗೆ ಮರಳಿದ್ದು ಇರಾನಿಗೆ ಲಾಭವೇ. ಆದರೂ ಬಟ್ಟೆಯಿಲ್ಲದ ಹೆಣ್ಣನ್ನು ಸಾಗಹಾಕಿ ಕಾವ್ಯವನ್ನು ಬರಮಾಡಿಕೊಂಡ ಆ ವಿನಿಮಯ, ಕಾಲದ ಗುರುತಾಗಿ ನಿಲ್ಲುತ್ತದೆ.

ಮಹಿಳೆಯರ ವಿಷಯಕ್ಕೆ ಬಂದರೆ, ಬದಲಾವಣೆ ಕೆಲವೇ ವಾರಗಳಲ್ಲಿ ಕಂಡಿತು. ಕಚೇರಿಗೆ ಹೋಗುವ ಹೆಂಗಸರು ತಲೆ ಮುಚ್ಚಬೇಕೆಂಬ ಸೂಚನೆ ಹೊರಬಿದ್ದ ಮರುದಿನವೇ, 1979ರ ಮಾರ್ಚ್ 8ರಂದು, ಸಾವಿರಾರು ಹೆಂಗಸರು ಟೆಹರಾನಿನ ಹಿಮದ ಬೀದಿಗಿಳಿದರು. ಛಾಯಾಗ್ರಾಹಕಿ ಹೆಂಗಾಮೆ ಗುಲಿಸ್ತಾನ್ ಅದನ್ನು ಸೆರೆಹಿಡಿದರು. ನರ್ಸುಗಳು, ವಿದ್ಯಾರ್ಥಿನಿಯರು, ವಕೀಲೆಯರು ಕೈಯೆತ್ತಿ ನಡೆಯುತ್ತಿರುವ ಆ ಕಪ್ಪುಬಿಳುಪು ಚಿತ್ರಗಳು ಈಗ ಗ್ಯಾಲರಿಗಳ ಗೋಡೆ ಸೇರಿವೆ. 1983ರಲ್ಲಿ ಮುಸುಕು ಕಾನೂನಾಯಿತು. 1936ರಲ್ಲಿ ಒಬ್ಬ ದೊರೆ ಬಲವಂತವಾಗಿ ಕಿತ್ತದ್ದನ್ನು ಹೊಸ ಆಡಳಿತ ಬಲವಂತವಾಗಿ ಹೊದಿಸಿತು. ಎರಡು ಸಲವೂ ಹೆಣ್ಣಿನ ಒಪ್ಪಿಗೆಯನ್ನು ಕೇಳಿದವರಿಲ್ಲ.

ನಿಯಮದ ಸಂದಿಯಲ್ಲಿ

ಸಿನಿಮಾಕ್ಕೂ ಹೊಸ ನಿಯಮ ಬಂತು. ಮನೆಯೊಳಗೆ ಗಂಡ, ಮಕ್ಕಳ ಮುಂದೆ ಹೆಂಗಸು ತಲೆ ಮುಚ್ಚಬೇಕಿಲ್ಲ. ಆದರೆ ಚಿತ್ರಮಂದಿರದ ಪ್ರೇಕ್ಷಕ ಪರಪುರುಷನಲ್ಲವೇ? ಆದ್ದರಿಂದ ಪರದೆಯ ಮೇಲಿನ ಹೆಣ್ಣು ಅಡುಗೆಮನೆಯಲ್ಲೂ, ಮಲಗುವ ಕೋಣೆಯಲ್ಲೂ ತಲೆವಸ್ತ್ರ ತೊಟ್ಟೇ ಇರಬೇಕು. ಗಂಡ ಹೆಂಡತಿಯ ಪಾತ್ರಧಾರಿಗಳು ಒಬ್ಬರನ್ನೊಬ್ಬರು ಮುಟ್ಟುವಂತಿಲ್ಲ. ಮೊದಮೊದಲು ನಿರ್ದೇಶಕರು ಈ ತೊಡಕೇ ಬೇಡವೆಂದು ಹೆಣ್ಣಿನ ಪಾತ್ರವನ್ನೇ ಮೂಲೆಗೆ ತಳ್ಳಿದರು. ಮಕ್ಕಳ ಕತೆಗಳತ್ತ ಹಲವರು ಹೊರಳಿದ್ದಕ್ಕೆ ಇದೂ ಒಂದು ಕಾರಣ.

ಆ ಮೂಲೆಯಿಂದ ಹೆಣ್ಣು ಎದ್ದು ಬಂದ ಗಳಿಗೆಯನ್ನು ಚಿತ್ರಪ್ರೇಮಿಗಳು ಗುರುತಿಸುತ್ತಾರೆ. ಬಹ್ರಾಮ್ ಬೈಜಾಯಿ ನಿರ್ದೇಶಿಸಿದ 'ಬಾಶೂ, ಪುಟ್ಟ ಅಪರಿಚಿತ' ತಯಾರಾಗಿ ಕೆಲಕಾಲ ತಡೆಯಲ್ಲಿದ್ದು, 1989ರಲ್ಲಿ ಬಿಡುಗಡೆಯಾಯಿತು. ಇರಾಕ್ ಜತೆಗಿನ ಯುದ್ಧದಲ್ಲಿ ಮನೆಮಂದಿಯನ್ನು ಕಳೆದುಕೊಂಡ ಕಪ್ಪು ಮೈಬಣ್ಣದ ಹುಡುಗನೊಬ್ಬ ಲಾರಿಯಲ್ಲಿ ಅಡಗಿ, ದಕ್ಷಿಣದಿಂದ ಉತ್ತರದ ಹಸಿರು ನಾಡಿಗೆ ಬರುತ್ತಾನೆ. ಗದ್ದೆಯಲ್ಲಿ ಬಗ್ಗಿ ಕೆಲಸ ಮಾಡುತ್ತಿದ್ದ ರೈತ ಹೆಂಗಸು ಸದ್ದು ಕೇಳಿ ತಲೆಯೆತ್ತುತ್ತಾಳೆ. ಬಿಳಿ ವಸ್ತ್ರದಲ್ಲಿ ಬಿಗಿದ ಮುಖ ಕೆಳಗಿನಿಂದ ಮೇಲೆದ್ದು ಪರದೆಯನ್ನು ತುಂಬುತ್ತದೆ. ನಟಿ ಸೂಸನ್ ತಸ್ಲೀಮಿಯ ಕಣ್ಣುಗಳು ನೇರ ನಮ್ಮನ್ನೇ ನೋಡುತ್ತವೆ. ನಿಯಮ ಮುರಿದಿಲ್ಲ, ತಲೆ ಮುಚ್ಚಿದೆ. ಆದರೆ ನೋಟ ಬಗ್ಗಿಲ್ಲ. ಅವನ ಅರಬ್ಬಿ ಇವಳಿಗೆ ಬಾರದು, ಇವಳ ಗಿಲಕಿ ಅವನಿಗೆ ತಿಳಿಯದು. ಆದರೂ ಆಕೆ ಅವನಿಗೆ ತಾಯಿಯಾಗುತ್ತಾಳೆ.

ಮುಂದಿನ ವರ್ಷಗಳಲ್ಲಿ ಕ್ಯಾಮೆರಾ ಹೆಂಗಸರ ಕೈಗೇ ಬಂತು. ರಖ್ಶಾನ್ ಬನಿ-ಎತೆಮಾದ್ 1992ರ 'ನರ್ಗೆಸ್' ಚಿತ್ರಕ್ಕಾಗಿ ಇರಾನಿನ ಪ್ರತಿಷ್ಠಿತ ಫಜ್ರ್ ಚಿತ್ರೋತ್ಸವದಲ್ಲಿ ಶ್ರೇಷ್ಠ ನಿರ್ದೇಶಕರ ಪ್ರಶಸ್ತಿ ಪಡೆದ ಮೊದಲ ಮಹಿಳೆಯಾದರು. ಅವರ 1998ರ 'ಮೇ ತಿಂಗಳ ಮಹಿಳೆ'ಯಲ್ಲಿ ವಿಚ್ಛೇದಿತ ತಾಯಿಯೊಬ್ಬಳು ಪ್ರೀತಿಸುವ ಗಂಡಸು ಒಮ್ಮೆಯೂ ಕಾಣಿಸುವುದಿಲ್ಲ. ಬರೀ ದನಿಯಾಗಿ ಕೇಳುತ್ತಾನೆ. ಮುಟ್ಟಬಾರದೆಂಬ ನಿಯಮ ಇಲ್ಲಿ ಕತೆಯ ಕಟ್ಟೇ ಆಗಿದೆ. ಅದೇ ವರ್ಷ, ಇನ್ನೂ ಹದಿನೆಂಟು ತುಂಬುವ ಹೊತ್ತಿಗೇ ಸಮೀರಾ ಮಖ್ಮಲ್‌ಬಾಫ್ 'ಸೇಬು' ಚಿತ್ರದೊಂದಿಗೆ ಕಾನ್ ಉತ್ಸವಕ್ಕೆ ಹೋದರು. ಹುಟ್ಟಿದಾಗಿನಿಂದ ತಂದೆ ಮನೆಯೊಳಗೇ ಕೂಡಿಹಾಕಿದ್ದ ಅವಳಿ ಹುಡುಗಿಯರ ನಿಜಕತೆ ಅದು. ಆ ಹುಡುಗಿಯರೂ ತಂದೆಯೂ ತಮ್ಮ ಪಾತ್ರಗಳನ್ನು ತಾವೇ ಮಾಡಿದ್ದಾರೆ.

2000ದಲ್ಲಿ ಬಂದ ಮರ್ಜಿಯೆ ಮೆಷ್ಕಿನಿಯ 'ನಾನು ಹೆಣ್ಣಾದ ದಿನ' ಚಿತ್ರದಲ್ಲಿ ಮೂರು ಕತೆಗಳು. ಮೊದಲನೆಯದರಲ್ಲಿ ಹುಡುಗಿಗೆ ಅಂದು ಒಂಬತ್ತು ತುಂಬುತ್ತದೆ. ಇನ್ನು ಮೇಲೆ ಹುಡುಗರ ಜತೆ ಆಡುವಂತಿಲ್ಲ. ಆದರೆ ತಾನು ಹುಟ್ಟಿದ್ದು ನಡುಹಗಲಿಗೆ, ಅಲ್ಲಿಯವರೆಗೆ ಬಿಡಿ ಎಂದು ಅವಳ ವಾದ. ಮಣ್ಣಿನಲ್ಲಿ ಕೋಲು ನೆಟ್ಟು, ನೆರಳು ಮಾಯವಾಗುವುದರೊಳಗೆ ಮರಳಿ ಬಾ ಎಂದು ಮನೆಯವರು ಕಳಿಸುತ್ತಾರೆ. ಆಕೆ ಗಳಿಗೆಗೊಮ್ಮೆ ಕೋಲು ನೆಟ್ಟು ನೆರಳು ಅಳೆಯುತ್ತಾಳೆ. ಅವಳ ತಲೆವಸ್ತ್ರವನ್ನು ಪಡೆದ ಹುಡುಗರು ಅದನ್ನು ತಮ್ಮ ತೆಪ್ಪಕ್ಕೆ ಹಾಯಿಯಾಗಿ ಕಟ್ಟುತ್ತಾರೆ. ಒಂದೇ ಬಟ್ಟೆ ಹುಡುಗಿಯ ಮನೆಯೊಳಗಣ ಬಾಳಿಗೆ ಗುರುತು. ಹುಡುಗರ ಕಡಲ ಪಯಣಕ್ಕೆ ಹಾಯಿ. ಭಾಷಣವಿಲ್ಲದೆ ಇಷ್ಟನ್ನು ಹೇಳಲು ಸಾಧ್ಯ ಎಂಬುದೇ ಈ ಸಿನಿಮಾದ ಹೆಚ್ಚುಗಾರಿಕೆ.

ಇದರೊಂದಿಗೆ ಮರೆಯಬಾರದ ಇನ್ನೊಂದು ಸಂಗತಿಯಿದೆ. ಇದೇ ಕಾಲದಲ್ಲಿ ಇರಾನಿನ ವಿಶ್ವವಿದ್ಯಾಲಯಗಳಿಗೆ ಪ್ರವೇಶ ಪಡೆದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೆಣ್ಣುಮಕ್ಕಳಾಗಿದ್ದರು. ಮುಚ್ಚಿದ ತಲೆಯೊಳಗಿನ ಓದು ನಿಲ್ಲಲಿಲ್ಲ.

ಎರಡು ಪರದೆಗಳ ನಡುವೆ

ಇನ್ನು ಸಂಗ್ರಹಾಲಯಗಳ ಗೋಡೆಗೆ ಬರೋಣ. ಛಾಯಾಗ್ರಾಹಕಿ ಶಾದಿ ಗದಿರಿಯಾನ್ 1998ರಲ್ಲಿ 'ಕಜಾರ್' ಎಂಬ ಸರಣಿ ರಚಿಸಿದರು. ಹಳೆಯ ಸ್ಟುಡಿಯೋದ ಬಣ್ಣದ ಹಿನ್ನೆಲೆ, ಕಜಾರ್ ಕಾಲದ ಉಡುಪು, ಗಂಭೀರ ಮುಖದ ಹೆಂಗಸು. ಆದರೆ ಆಕೆಯ ಕೈಯಲ್ಲಿ ಪೆಪ್ಸಿ ಡಬ್ಬಿ! ಇನ್ನೊಂದರಲ್ಲಿ ಸೈಕಲ್ಲು, ಮತ್ತೊಂದರಲ್ಲಿ ಹೆಗಲ ಮೇಲೆ ಟೇಪ್ ರೆಕಾರ್ಡರ್. ನಾಸಿರುದ್ದೀನ್ ಶಾ ತೆಗೆದ ಚಿತ್ರಗಳಿಗೆ ನೂರು ವರ್ಷದ ನಂತರ ಕೊಟ್ಟ ನಗೆಮೊಗದ ಉತ್ತರ ಅದು.

ಅದೇ ವರ್ಷದ ಶಿರೀನ್ ನೆಶಾತ್ ಅವರ 'ಪ್ರಕ್ಷುಬ್ಧ' ಎಂಬ ಕೃತಿಯಲ್ಲಿ ಎದುರುಬದುರು ಎರಡು ಪರದೆಗಳಿವೆ. ಒಂದರಲ್ಲಿ ಗಂಡಸು ತುಂಬಿದ ಸಭೆಯ ಮುಂದೆ ಹಾಡುತ್ತಾನೆ, ಚಪ್ಪಾಳೆ ಗಿಟ್ಟಿಸುತ್ತಾನೆ. ಇನ್ನೊಂದರಲ್ಲಿ ಹೆಂಗಸು ಖಾಲಿ ಕುರ್ಚಿಗಳ ಮುಂದೆ, ಮಾತಿಲ್ಲದ ಹಾಡೊಂದನ್ನು ಎದೆಯಾಳದಿಂದ ತೆಗೆಯುತ್ತಾಳೆ. ಕ್ರಾಂತಿಯ ನಂತರ ಇರಾನಿನಲ್ಲಿ ಗಂಡಸರಿರುವ ಸಭೆಯಲ್ಲಿ ಹೆಣ್ಣು ಒಬ್ಬಳೇ ಹಾಡುವುದಕ್ಕೆ ನಿಷೇಧ. ನಡುವೆ ನಿಂತ ಪ್ರೇಕ್ಷಕ ಒಂದನ್ನು ನೋಡಬೇಕಾದರೆ ಇನ್ನೊಂದಕ್ಕೆ ಬೆನ್ನು ಹಾಕಲೇಬೇಕು. 1999ರ ವೆನಿಸ್ ದ್ವೈವಾರ್ಷಿಕ ಕಲಾಪ್ರದರ್ಶನದಲ್ಲಿ ಇದಕ್ಕೆ ಪ್ರಶಸ್ತಿ ಬಂತು.

ನೆಶಾತ್ ಹದಿಹರೆಯದಲ್ಲೇ ಅಮೆರಿಕ ಸೇರಿದವರು. ಮುಸುಕಿನ ಹೆಣ್ಣು, ಬಂದೂಕು, ಮುಖದ ಮೇಲೆ ಫಾರ್ಸಿ ಅಕ್ಷರ ಇರುವ ಅವರ ಹಿಂದಿನ ಚಿತ್ರಗಳ ಬಗ್ಗೆ ತಕರಾರೂ ಇದೆ. ಪಶ್ಚಿಮದವರು ನೋಡಬಯಸುವ ಇರಾನನ್ನೇ ಅವು ತೋರಿಸುತ್ತವೆ, ಅಲ್ಲಿನ ಹೆಂಗಸಿಗೆ ಮುಸುಕಿನ ಹೊರತು ಬೇರೆ ಬದುಕೇ ಇಲ್ಲವೆಂಬ ಭಾವನೆ ಹುಟ್ಟಿಸುತ್ತವೆ ಎಂಬುದು ಟೀಕೆ. ವಿದೇಶಿ ಸಂಗ್ರಹಾಲಯಗಳ ಚಿತ್ರಪ್ರದರ್ಶನಗಳಿಗೂ ಈ ಮಾತು ಅನ್ವಯಿಸುತ್ತದೆ. ಬನಿ-ಎತೆಮಾದ್ ಅವರ 2001ರ 'ನಗರದ ಚರ್ಮದಡಿ'ಯಲ್ಲಿ ಬಟ್ಟೆ ಗಿರಣಿಯ ಕಾರ್ಮಿಕಳು, ಮನೆ ಮಕ್ಕಳನ್ನು ಉಳಿಸಿಕೊಳ್ಳಲು ಹೆಣಗುವ ತಾಯಿ ತೂಬಾ, ತನ್ನನ್ನು ಸಂದರ್ಶಿಸಲು ಬಂದ ಕ್ಯಾಮೆರಾದವರನ್ನೇ ಕೊನೆಯಲ್ಲಿ ತರಾಟೆಗೆ ತೆಗೆದುಕೊಳ್ಳುತ್ತಾಳೆ: ಇದನ್ನೆಲ್ಲ ತೆಗೆದು ನೀವು ತೋರಿಸುವುದಾದರೂ ಯಾರಿಗೆ ಎಂದು. ಪರವೂರಿನ ತಂಪು ಕೋಣೆಯಲ್ಲಿ ಕುಳಿತು ನೋಡುವ ಪ್ರೇಕ್ಷಕ, ನಾವೂ ಸೇರಿದಂತೆ, ಉತ್ತರಿಸಬೇಕಾದ ಪ್ರಶ್ನೆ ಇದು. ತೂಬಾಳ ಚಿಂತೆ ಮುಸುಕಲ್ಲ. ಸಂಬಳ, ಸಾಲ, ಜೈಲಿಗೆ ಬೀಳಬಹುದಾದ ಮಗ. ಅವಳನ್ನು ನೋಡಲು ನಮಗೆ ಕಣ್ಣಿದೆಯೇ?

ತವರಿನಲ್ಲೇ ಮನ್ನಣೆ ಪಡೆದವರೂ ಇದ್ದಾರೆ. ಕನ್ನಡಿ ಚೂರುಗಳಿಂದ ಗೋಡೆ, ಚಾವಣಿಗಳನ್ನು ಅಲಂಕರಿಸುವುದು ಇರಾನಿನ ಹಳೆಯ ಕಸುಬು. ಯೂರೋಪಿನಿಂದ ತರಿಸಿದ ಕನ್ನಡಿಗಳು ದಾರಿಯಲ್ಲಿ ಒಡೆಯುತ್ತಿದ್ದವು, ಚೂರುಗಳನ್ನು ಎಸೆಯಲು ಮನಸ್ಸಾಗದೆ ಕುಶಲಿಗಳು ಈ ಕಲೆ ಕಂಡುಕೊಂಡರು ಎಂಬ ಕತೆಯಿದೆ. ಅದನ್ನು ಆಧುನಿಕ ಕಲೆಯಾಗಿಸಿದವರು ಮುನೀರ್ ಫರ್ಮಾನ್‌ಫರ್ಮಾಯಿಯಾನ್. ಕ್ರಾಂತಿಯ ವೇಳೆ ಅವರ ಕೃತಿಗಳು ಮುಟ್ಟುಗೋಲಾದವು. ಎರಡು ದಶಕಕ್ಕೂ ಹೆಚ್ಚು ಕಾಲ ನ್ಯೂಯಾರ್ಕಿನಲ್ಲಿ ಕಳೆದು, 2004ರಲ್ಲಿ ಮರಳಿದರು. 2017ರಲ್ಲಿ ಟೆಹರಾನಿನಲ್ಲಿ ಅವರ ಕೃತಿಗಳಿಗಾಗಿಯೇ ಸಂಗ್ರಹಾಲಯ ತೆರೆಯಿತು. ಒಬ್ಬ ಕಲಾವಿದೆಗೆ ಮೀಸಲಾದ ಇರಾನಿನ ಮೊದಲ ಸಂಗ್ರಹಾಲಯ ಅದು. 2019ರಲ್ಲಿ ಅವರು ತೀರಿಕೊಂಡರು. ಅವರ ಕನ್ನಡಿಗಳ ಮುಂದೆ ನಿಂತವರಿಗೆ ತಮ್ಮ ಮುಖ ಚೂರು ಚೂರಾಗಿ, ನೂರಾಗಿ ಕಾಣುತ್ತದೆ.

ಮತ್ತೆ ಅದೇ ಬೆಲೆ

2022ರ ಸೆಪ್ಟೆಂಬರ್ 16ರಂದು, ತಲೆವಸ್ತ್ರ ಸರಿಯಿಲ್ಲವೆಂದು ಬಂಧನಕ್ಕೊಳಗಾಗಿದ್ದ 22ರ ಯುವತಿ ಮಹ್ಸಾ ಅಮೀನಿ ಸಾವಿಗೀಡಾದಾಗ ಇರಾನಿನ ಬೀದಿಗಳು ಮತ್ತೆ ತುಂಬಿದವು. ಖ್ಯಾತ ನಟಿ ತರಾನೆ ಅಲಿದೂಸ್ತಿ ಮುಸುಕಿಲ್ಲದ ತಮ್ಮ ಚಿತ್ರ ಪ್ರಕಟಿಸಿದರು. ಡಿಸೆಂಬರಿನಲ್ಲಿ ಬಂಧಿತರಾಗಿ, 2023ರ ಜನವರಿಯಲ್ಲಿ ಜಾಮೀನಿನ ಮೇಲೆ ಹೊರಬಂದರು. ಅದೇ ಡಿಸೆಂಬರಿನಲ್ಲಿ ಕೇರಳದ ಅಂತರರಾಷ್ಟ್ರೀಯ ಚಿತ್ರೋತ್ಸವ ನಿರ್ದೇಶಕಿ ಮೆಹನಾಜ್ ಮೊಹಮ್ಮದಿಗೆ ಪ್ರಶಸ್ತಿ ನೀಡಿತು. ತಿರುವನಂತಪುರಕ್ಕೆ ಬರಲಾಗದ ಆಕೆ ಕತ್ತರಿಸಿದ ತಮ್ಮ ಕೂದಲ ಎಳೆಯನ್ನು ಕಳಿಸಿದರು. ಆಕೆಯ ಪರವಾಗಿ ಪ್ರಶಸ್ತಿ ಪಡೆದ ಗ್ರೀಕ್ ನಿರ್ದೇಶಕಿ ಅದನ್ನು ವೇದಿಕೆಯ ಮೇಲೆ ಎತ್ತಿ ತೋರಿಸಿದರು. 2024ರ ಬರ್ಲಿನ್ ಉತ್ಸವಕ್ಕೆ 'ನನ್ನ ಮೆಚ್ಚಿನ ಕೇಕು' ಎಂಬ ಚಿತ್ರ ಹೋಯಿತು, ಅದರ ನಿರ್ದೇಶಕರಾದ ಮರ್ಯಮ್ ಮೊಗದ್ದಮ್ ಮತ್ತು ಬೆಹ್ತಾಶ್ ಸನಾಯಿಹಾ ಹೋಗಲಾಗಲಿಲ್ಲ. ಅವರ ಪಾಸ್‌ಪೋರ್ಟುಗಳನ್ನು ಸರ್ಕಾರ ಕಿತ್ತುಕೊಂಡಿತ್ತು. ಎಪ್ಪತ್ತರ ವಿಧವೆಯೊಬ್ಬಳು ತನ್ನ ಮನೆಯೊಳಗೆ ತಲೆವಸ್ತ್ರವಿಲ್ಲದೆ ಓಡಾಡುವುದು, ಒಂದು ಸಂಜೆಯ ಜತೆಗಾರನಿಗಾಗಿ ಹಂಬಲಿಸುವುದು – ಚಿತ್ರದ 'ಅಪರಾಧ' ಇಷ್ಟೇ. ಸಾಮಿನೆಜಾದ್ ತೆತ್ತ ಬೆಲೆಯ ಕಂತು ಇನ್ನೂ ತೀರಿಲ್ಲ.

ಅಬ್ಬಾಸ್ ಕಿಯಾರೊಸ್ತಮಿ 2008ರಲ್ಲಿ 'ಶಿರೀನ್' ಎಂಬ ಚಿತ್ರ ಮಾಡಿದರು. ಅದರಲ್ಲಿ ಕತ್ತಲೆಯ ಚಿತ್ರಮಂದಿರದಲ್ಲಿ ಕುಳಿತ ನೂರಕ್ಕೂ ಹೆಚ್ಚು ನಟಿಯರ ಮುಖಗಳು ಒಂದಾದ ಮೇಲೊಂದು ಬರುತ್ತವೆ. ಅವರು ನೋಡುತ್ತಿರುವುದು ಹನ್ನೆರಡನೆಯ ಶತಮಾನದ ಕವಿ ನಿಜಾಮಿ ಹೇಳಿದ ಖುಸ್ರೋ ಮತ್ತು ಶಿರೀನರ ಪ್ರೇಮಕತೆ. ಆ ಕತೆ ನಮಗೆ ಕೇಳಿಸುತ್ತದೆ, ಆದರೆ ಕಾಣುವುದಿಲ್ಲ. ನಮಗೆ ಕಾಣುವುದು ನೋಡುವ ಹೆಂಗಸರು ಮಾತ್ರ: ಒಬ್ಬಳ ತುಟಿಯಂಚಿನ ನಗು, ಇನ್ನೊಬ್ಬಳ ಕೆನ್ನೆಯ ಕಣ್ಣೀರು, ಮತ್ತೊಬ್ಬಳು ಜಾರಿದ ತಲೆವಸ್ತ್ರ ಸರಿಪಡಿಸಿಕೊಳ್ಳುವುದು.

ನಿಜಾಮಿಯ ಕಾವ್ಯದಲ್ಲಿ ಶಿರೀನಳಿಗೆ ಪ್ರೇಮ ಮೊಳೆಯುವುದು, ಮರಕ್ಕೆ ತೂಗುಹಾಕಿದ್ದ ಖುಸ್ರೋವಿನ ಚಿತ್ರಪಟವನ್ನು ಕಂಡು. ಅಲ್ಲಿ ಚಿತ್ರವಾದವನು ಗಂಡು, ನೋಡುವವಳು ಹೆಣ್ಣು. ಇರಾನಿನ ಹೆಣ್ಣಿಗೆ ನೋಡುವ ಹಕ್ಕು ಹೊಸದೇನಲ್ಲ, ಎಂಟು ನೂರು ವರ್ಷದ ಹಿಂದಿನ ಕಾವ್ಯದಲ್ಲೇ ಇತ್ತು. ನಡುವೆ ಯಾರು ಯಾರೋ ಬಂದು ಪರದೆಯನ್ನು ಎಳೆದಾಡಿದರು. ಅದರ ಹಗ್ಗ ತನ್ನ ಕೈಯಲ್ಲಿರಲಿ ಎಂಬುದಷ್ಟೇ ಅವಳ ಕೇಳಿಕೆ.